ಹಾಲು ಹಾಕುವವರ ಪೆಟ್ಟಿಗೆ

ಭಾರತೀನಗರದಲ್ಲಿ ಬಸ್ಸಿಳಿದರೆ ಮೊದಲು ಎದುರುಗೊಳ್ಳುವುದು ವಾಸನೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಕಾರ್ಖಾನೆಯ ಕಡೆಯಿಂದ ಬರುವ, ಬೆಲ್ಲ ತಳ ಹಿಡಿದಂಥ, ಜೊತೆಗೆ ಒಂದಿಷ್ಟು ಹುಳಿ ಬೆರೆತಂಥ ವಾಸನೆ. ಅಲ್ಲಿನವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಕಾಲಕ್ಕೆ ನನಗೂ ಗೊತ್ತಾಗುತ್ತಿರಲಿಲ್ಲ. ಕಳೆದ ವಾರ ಅಲ್ಲಿನ ಒಂದು ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆಯ ಹೊರ ಪರೀಕ್ಷಕಿಯಾಗಿ ಹೋದೆ. ಏಳು ವರ್ಷದ ಮೇಲೆ. ಬಸ್ಸಿನ ಮೆಟ್ಟಿಲ ಮೇಲೇ ಆ ವಾಸನೆ ಹಿಡಿದುಕೊಂಡಿತು.

ಕಂಪ್ಯೂಟರ್ ಲ್ಯಾಬು ಹಾಗೇ ಇತ್ತು. ಕುರ್ಚಿಗಳು ಬದಲಾಗಿದ್ದವು, ಫ್ಯಾನು ಬದಲಾಗಿರಲಿಲ್ಲ. ಹಿಂದಿನ ಗೋಡೆಯ ಮೇಲೆ ನಾನೇ ಅಂಟಿಸಿದ್ದ ಒಂದು ಚಾರ್ಟು ಇನ್ನೂ ಇತ್ತು. ಬಿಳಿ ಹಾಳೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅದರ ಬಲಗಡೆ ಒಂದು ಅಂಗೈಯಗಲದ ತೇಪೆ, ತಪ್ಪು ಮುಚ್ಚಲು ಅಂಟಿಸಿದ ಬೇರೆ ಕಾಗದ. ಅದರ ಒಂದು ಮೂಲೆ ಅಂಟು ಬಿಟ್ಟು ಸುರುಳಿಯಾಗಿತ್ತು.

"ಇದನ್ನ ಯಾಕೆ ಇನ್ನೂ ಇಟ್ಟಿದ್ದೀರ ನಂಜುಂಡಿ?" ಎಂದು ಅಟೆಂಡರನ್ನು ಕೇಳಿದೆ.

"ಅದ್ರ ಇಂದ್ಗಡೆ ಸುಣ್ಣ ಉದ್ರೋಗದೆ ಮೇಡಂ. ಕಿತ್ರೆ ಗೋಡೆ ಅಸಿಂಗವಾಗಿ ಕಾಣ್ತದೆ ಅಂತ ಬುಟ್ಟಿವ್ನಿ," ಅಂದ.

ಆ ಚಾರ್ಟು ಮಂಜುಳಾಳದು. ಅವಳ ಹೆಸರು ಈಗಲೂ ಕೆಳಗೆ ಮೂಲೆಯಲ್ಲಿ ಗುಂಡಗಿನ ಅಕ್ಷರದಲ್ಲಿತ್ತು.

ನಾನು ಆ ಕಾಲೇಜಿನಲ್ಲಿದ್ದದ್ದು ಒಂದೇ ವರ್ಷ, ಅತಿಥಿ ಉಪನ್ಯಾಸಕಿಯಾಗಿ. ಅತಿಥಿ ಅನ್ನುವುದು ಹೆಸರಿಗೆ. ಅತಿಥಿಯನ್ನು ಯಾರೂ ಮುಂದಿನ ವರ್ಷ ಬರುತ್ತೀರೋ ಇಲ್ಲವೋ ಎಂದು ತೂಗಾಡಿಸುವುದಿಲ್ಲ. ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೊನೇ ವರ್ಷದವರಿಗೆ ಸಾಫ್ಟ್‌ವೇರ್ ವಿನ್ಯಾಸ ಹೇಳಿಕೊಡಬೇಕಿತ್ತು. ಪ್ರೋಗ್ರಾಂ ಬರೆಯುವುದಕ್ಕೆ ಮೊದಲು, ಯಾವ ಕೆಲಸಕ್ಕಾಗಿ ಅದನ್ನು ಬರೆಯುತ್ತೇವೋ ಆ ಲೋಕದಲ್ಲಿ ಏನೇನಿದೆ, ಯಾರ್ಯಾರಿದ್ದಾರೆ, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಎಂದು ಯೋಚಿಸಿ ಚಿತ್ರ ಬರೆಯಬೇಕು. ಇರುವ ಒಂದೊಂದಕ್ಕೂ ಒಂದೊಂದು ಪೆಟ್ಟಿಗೆ, ಸಂಬಂಧಕ್ಕೆ ಒಂದೊಂದು ಗೆರೆ. ಪುಸ್ತಕದಲ್ಲಿ ಅದಕ್ಕೆ ಪರಿಕಲ್ಪನಾ ಮಾದರಿ ಎಂಬ ಘನವಾದ ಹೆಸರಿದೆ. ಹುಡುಗರು 'ಬಾಕ್ಸ್ ಪಾಠ' ಅನ್ನುತ್ತಿದ್ದರು. ಪೆಟ್ಟಿಗೆ ಸರಿಯಾದರೆ ಪ್ರೋಗ್ರಾಂ ತಾನಾಗೇ ಸರಿಯಾಗುತ್ತದೆ, ಪೆಟ್ಟಿಗೆ ತಪ್ಪಿದರೆ ಎಷ್ಟು ಚೆಂದದ ಪ್ರೋಗ್ರಾಮೂ ಸುಳ್ಳು ಹೇಳುತ್ತದೆ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದೆ. ಬರೆಯುವುದಕ್ಕೇನು, ಬರೆದೆ.

ಆಗಸ್ಟ್ ತಿಂಗಳು. ನಾಲೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಕಡೆ ನಾಟಿ ನಡೆಯುತ್ತಿತ್ತು. ಮೊದಲ ಅಭ್ಯಾಸಕ್ಕೆ 'ನೀವು ಬರುವ ಬಸ್ಸಿನ ಮಾದರಿ ಬರೆಯಿರಿ' ಎಂದಿದ್ದೆ. ಎಲ್ಲರೂ ಬಸ್ಸು, ಡ್ರೈವರ್, ಕಂಡಕ್ಟರ್, ಟಿಕೆಟ್ ಎಂದು ಪೆಟ್ಟಿಗೆ ಹಾಕಿದರು. ಒಬ್ಬ ಪುಣ್ಯಾತ್ಮ 'ಜಗಳ' ಎಂದೂ ಒಂದು ಪೆಟ್ಟಿಗೆ ಹಾಕಿದ್ದ. ಕೊನೇ ಬೆಂಚಿನ ತುದಿಯಲ್ಲಿ ಕೂತಿದ್ದ ಸಣಕಲು ಹುಡುಗಿ ಎದ್ದು ನಿಂತು ಒಂದು ಮಾತು ಕೇಳಿದಳು.

"ಮೇಡಂ, ಕಿಟಕಿಯಿಂದ ಟವಲ್ ಎಸೆದು ಸೀಟ್ ಹಿಡೀತಾರಲ್ಲ, ಆಗ ಸೀಟ್ ಖಾಲಿ ಅನ್ನೋ ಹಾಗಿಲ್ಲ, ಕೂತೋರೂ ಇಲ್ಲ. ಸೀಟ್ ಹಿಡಿದೋರು ಒಬ್ರು, ಆಮೇಲೆ ಬಂದು ಕೂರೋರು ಇನ್ನೊಬ್ರು. ಅವ್ರಿಬ್ರಿಗೂ ಬೇರೆಬೇರೆ ಪೆಟ್ಟಿಗೆ ಬೇಕಲ್ವಾ?"

ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ. ಹತ್ತು ವರ್ಷ ಪಾಠ ಮಾಡಿದವರಿಗೂ ಹೊಳೆಯದ ಪ್ರಶ್ನೆ ಅದು. ಲೋಕ ಹೇಳುವುದು ಒಂದು, ಲೋಕ ನಡೆಯುವುದು ಇನ್ನೊಂದು. ಅವೆರಡರ ನಡುವಿನ ಸಂದು ಅವಳ ಕಣ್ಣಿಗೆ ಬೀಳುತ್ತಿತ್ತು. ಅವತ್ತಿನಿಂದ ನನಗೆ ಮಂಜುಳಾ ಎಂದರೆ ಒಂದು ತೂಕ ಹೆಚ್ಚು. ಚಿಕ್ಕರಸಿನಕೆರೆಯ ಆಚೆ ಒಂದು ಸಣ್ಣ ಊರಿನವಳು. ಅಪ್ಪ ಏನು ಮಾಡ್ತಾರೆ ಎಂದರೆ "ಇದ್ದಾರೆ ಮೇಡಂ" ಅನ್ನುತ್ತಿದ್ದಳು, ಅಷ್ಟೆ. ನಾನೂ ಕೆದಕಲಿಲ್ಲ.

ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ತನ್ನ ಊರಿನ ಹಾಲಿನ ಡೈರಿ. ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾದ್ದಿಲ್ಲ: ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಹೋಗುವುದು, ನಂಬರ್ ಹೇಳುವುದು, ಹಾಲು ಅಳೆಸುವುದು. ಆ ಮೆಂಬರ್ ನಂಬರು ಸಾಮಾನ್ಯವಾಗಿ ಮನೆಯ ಗಂಡಸಿನ ಹೆಸರಿನಲ್ಲಿ. ಕರೆಯುವವಳು, ತೊಳೆಯುವವಳು, ಹೊತ್ತು ತರುವವಳು ಹೆಂಗಸು. ಇದು ಎಷ್ಟು ಮಾಮೂಲು ಎಂದರೆ ಯಾರಿಗೂ ಕಾಣುವುದೇ ಇಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ನಾನೂ ಅವಳ ಊರಿನ ಡೈರಿಗೆ ಹೋಗಿದ್ದೆ. ಮಂಜು ಬಿದ್ದಿತ್ತು. ಡೈರಿಯ ಸೆಕ್ರೆಟರಿ ಜವರಪ್ಪ, ಎಪ್ಪತ್ತರ ಹತ್ತಿರದ ಮನುಷ್ಯ, ತಲೆಗೆ ಮಫ್ಲರ್ ಸುತ್ತಿ ಉದ್ದನೆಯ ಪುಸ್ತಕದ ಮುಂದೆ ಕೂತಿದ್ದರು. ಅಚ್ಚಿನ ಕಾಲಮ್ಮುಗಳಲ್ಲಿ ನಂಬರು, ಲೀಟರು. ಪಕ್ಕದ ಖಾಲಿ ಅಂಚಿನಲ್ಲಿ ಮಾತ್ರ ಅವರು ತಮ್ಮಷ್ಟಕ್ಕೆ ಇನ್ನೊಂದು ಹೆಸರು ಬರೆಯುತ್ತಿದ್ದರು.

"ಇದೇನು ಜವರಪ್ಪನೋರೇ, ಇದಕ್ಕೆ ಕಾಲಂ ಇಲ್ಲವಲ್ಲ?" ಅಂದೆ.

"ಇದು ಆಲ್ ಆಕೋರ ಎಸ್ರು ಮೇಡಂ. ಮೆಂಬ್ರು ಅನ್ನೋನು ಎಲೆಕ್ಸನ್ ದಿವ್ಸ ಬತ್ತಾನೆ. ಆಲ್ ಆಕೋಳು ದಿನಾ ಎಲ್ಡೊತ್ತು ಬತ್ತಾಳೆ. ನಂಗ್ಯಾರ ಗುರ್ತಿರ್ಬೇಕು ನೀವೇ ಏಳಿ." ಆಮೇಲೆ ಸಾಲಿನತ್ತ ತಿರುಗಿ, "ಅರವತ್ತೆರಡು, ಸಾಕಮ್ಮ, ಬಾ" ಅಂದರು.

ಎತ್ತರದ ಹೆಂಗಸೊಬ್ಬಳು ಮುಂದೆ ಬಂದು ಹಾಲು ಸುರಿದು, ಖಾಲಿ ಕ್ಯಾನನ್ನು ಸೊಂಟಕ್ಕೆ ಇಟ್ಟುಕೊಂಡು, ನನ್ನನ್ನು ನೋಡಿ ನಕ್ಕು ಹೋದಳು. ಮಂಜುಳಾ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಏನೋ ಬರೆಯುತ್ತಿದ್ದಳು. ಅದು ಅವಳ ತಾಯಿ ಎಂದು ನನಗೆ ಆರು ತಿಂಗಳ ಮೇಲೆ ತಿಳಿಯಿತು.

ಡಿಸೆಂಬರಿನಲ್ಲಿ ಚಾರ್ಟು ಬಂತು. ಪ್ರತಿ ಪೆಟ್ಟಿಗೆಯ ಕೆಳಗೆ ಊರಿನಿಂದಲೇ ತಂದ ಒಂದು ಜೀವಂತ ಉದಾಹರಣೆ ಇರಬೇಕು ಎಂಬುದು ನನ್ನ ನಿಯಮ. ಅವಳು ಅದನ್ನೂ ಪಾಲಿಸಿದ್ದಳು. ಡೈರಿ, ಮೆಂಬರು, ಹಸು, ಹಾಲು, ಹೊತ್ತು, ಎಲ್ಲ ಒಪ್ಪವಾಗಿದ್ದವು. ಬಲಗಡೆ ಇನ್ನೊಂದು ಪೆಟ್ಟಿಗೆ: 'ಹಾಕುವವರು'.

ಆ ದಿನ ನನ್ನ ಮೇಜಿನ ಮೇಲೆ ಇಪ್ಪತ್ತು ಚಾರ್ಟು ಬಿದ್ದಿದ್ದವು. ಪ್ರಿನ್ಸಿಪಾಲರಿಗೆ ಸಂಜೆಯೊಳಗೆ ತೋರಿಸಬೇಕಿತ್ತು. ಚೆನ್ನಾಗಿ ಕಂಡರೆ ಮುಂದಿನ ವರ್ಷವೂ ನನ್ನನ್ನು ಕರೆಯಬಹುದು ಎಂಬ ಆಸೆ. ಹಾಗೆಂದು ತಪ್ಪನ್ನು ಅವಸರದ ಮೇಲೆ ಹೊರಿಸಿ ಪಾರಾಗುವುದಿಲ್ಲ. ನನಗೆ ಪುಸ್ತಕ ಬಾಯಿಪಾಠವಿತ್ತು, ಅದರ ಜಂಬ ಇತ್ತು.

"ಇವರ ಬಗ್ಗೆ ಏನು ಮಾಹಿತಿ ಇಡ್ತೀಯ?" ಎಂದು ಕೇಳಿದೆ.

"ಹೆಸರು ಮೇಡಂ."

"ಬರೀ ಹೆಸರಿಗೆ ಒಂದು ಪೆಟ್ಟಿಗೆನಾ? ಹಾಲು ಯಾರು ತಂದ್ರೇನು, ಸೇರೋದು ಮೆಂಬರ್ ನಂಬರಿಗೆ ತಾನೇ? ಲೆಕ್ಕಕ್ಕೆ ಬಾರದ್ದನ್ನ ಮಾದರೀಲಿ ತುಂಬಬಾರದು ಅಂತ ಎಷ್ಟು ಸಲ ಹೇಳಿದ್ದೀನಿ?"

"ಮೆಂಬರೇ ಬೇರೆ, ಹಾಕೋರೇ ಬೇರೆ ಮೇಡಂ," ಅಂದಳು. ಮೆಲ್ಲಗೆ, ಆದರೆ ಅಂದಳು.

ನಾನು ಕೆಂಪು ಪೆನ್ನು ತೆಗೆದು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದೆ. ಪೆಟ್ಟಿಗೆಯನ್ನೂ ದಾಟಿ, ನಾನು ಓದಿಯೂ ನೋಡದ ಕೆಳಗಿನ ಉದಾಹರಣೆಯ ಮೇಲೂ ಹೋಯಿತು.

"ಮೇಡಂ, ಅದ್ರ ಕೆಳಗಡೆ ಬರೆದಿರೋದು..."

"ಮೇಲಿನ ಪೆಟ್ಟಿಗೇನೇ ತಪ್ಪು ಅಂದ್ಮೇಲೆ ಕೆಳಗಡೆ ಏನಿದ್ರೇನಮ್ಮ? ಬೇರೆ ಪೇಪರ್ ಅಂಟಿಸ್ಕೊಂಡು ಬಾ ಹೋಗು."

ಅವಳು "ಸರಿ ಮೇಡಂ" ಅಂದು ಚಾರ್ಟನ್ನು ಸುತ್ತಿಕೊಂಡು ಹೋದಳು. ಮಧ್ಯಾಹ್ನ ತೇಪೆ ಹಾಕಿ ತಂದಳು. ಅಂಚು ಕಾಣದ ಹಾಗೆ ಎಷ್ಟು ನೀಟಾಗಿ ಅಂಟಿಸಿದ್ದಳೆಂದರೆ, ನಾನು ಹೊಗಳಿದೆ.

ಪ್ರಿನ್ಸಿಪಾಲರಿಗೆ ಚಾರ್ಟು ಹಿಡಿಸಿತು. ಬರೀ ಚಾರ್ಟಲ್ಲ, ನಿಜವಾಗಿಯೂ ಡೈರಿಯಲ್ಲಿ ಓಡಿಸಿ ನೋಡೋಣ ಎಂದು ಹೇಳಿದವಳು ನಾನು. ಸಂಕ್ರಾಂತಿಯ ಹೊತ್ತಿಗೆ ಮಂಜುಳಾ ಬರೆದ ಪ್ರೋಗ್ರಾಂ ಡೈರಿಯ ಹಳೇ ಕಂಪ್ಯೂಟರಿನಲ್ಲಿ ಓಡತೊಡಗಿತು. ನಂಬರ್ ಒತ್ತಿದರೆ ಮೆಂಬರ್ ಹೆಸರು, ಲೀಟರ್ ಒತ್ತಿದರೆ ಚೀಟಿ. ಊರಿನವರು ಬೆರಗಾಗಿ ನೋಡಿದರು. ನಮಗೆಲ್ಲ ಎಳ್ಳುಬೆಲ್ಲ ಕೊಟ್ಟರು. ಕಪಾಟಿನ ತುಂಬ ಇದ್ದ ಹಳೇ ಪುಸ್ತಕಗಳನ್ನು ಏನು ಮಾಡೋಣ ಎಂದು ಯಾರೋ ಕೇಳಿದರು. ಎಲ್ಲ ಕಂಪ್ಯೂಟರಿನಲ್ಲಿದೆ, ಇನ್ನು ಅವು ಬೇಡ ಅಂದೆ. ಜವರಪ್ಪ ಮಾತ್ರ ಪರದೆಯ ಅಂಚನ್ನು ಬೆರಳಿನಿಂದ ಸವರಿ, "ಇಲ್ಲಿ ಬರ್ಯಕ್ಕೆ ಜಾಗ ಇಲ್ವಲ್ಲವ್ವ ಮಂಜುಳಾ" ಅಂದರು. ಎಲ್ಲರೂ ನಕ್ಕೆವು. ಅವಳು ನಗಲಿಲ್ಲ ಎಂದು ಈಗ ನೆನಪಾಗುತ್ತದೆ.

ಜವರಪ್ಪ ಆ ಶಿವರಾತ್ರಿ ಕಾಣಲಿಲ್ಲ. ಎರಡು ದಿನ ಎದೆನೋವು ಅಂದರು, ಮೂರನೇ ದಿನ ಹೋದರು. ಓದಿದ ಹುಡುಗನೊಬ್ಬ ಹೊಸ ಸೆಕ್ರೆಟರಿಯಾದ. ಮಂಜುಳಾ ಕ್ಲಾಸಿಗೆ ಬರುವುದು ಕಡಿಮೆಯಾಯಿತು. ಯುಗಾದಿಯ ಮೇಲೆ ಬರಲೇ ಇಲ್ಲ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಏಪ್ರಿಲಿನ ಒಂದು ಭಾನುವಾರ ಅವಳ ಫೋನು ಬಂತು. ಮಳವಳ್ಳಿಯ ಮನೆಯ ಮಹಡಿ ಮೇಲೆ ಬಟ್ಟೆ ಒಣಗಿಸುತ್ತಿದ್ದೆ.

"ಮೇಡಂ, ಕಾಲೇಜ್ ಹತ್ರ ಬಂದಿದ್ದೆ. ಲ್ಯಾಬ್ ಬೀಗ ಹಾಕಿದೆ. ನನ್ ಚಾರ್ಟ್ ಒಂದ್ಸಲ ಕೊಡ್ತೀರಾ? ನಾಳೇನೇ ತಂದ್ಕೊಡ್ತೀನಿ."

"ಹೊರಗಿನ ಎಕ್ಸಾಮಿನರ್ ನೋಡೋವರೆಗೂ ಹೊರಗಡೆ ಕೊಡೋ ಹಾಗಿಲ್ಲಮ್ಮ. ನಿನ್ನ ಹತ್ರ ಕಾಪಿ ಇರಬೇಕಲ್ಲ?"

"ಇದಕ್ಕೆ ಕಾಪಿ ಇಲ್ಲ ಮೇಡಂ."

"ಹಾಗಾದ್ರೆ ಪರೀಕ್ಷೆ ಮುಗೀಲಿ. ಎಲ್ಲಿಗೂ ಓಡಿಹೋಗಲ್ಲ ಅದು."

ಆ ಕಡೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಎಂದಿನ ಹಾಗೆ "ಸರಿ ಮೇಡಂ" ಅಂದಳು. ಎಲ್ಲೋ ಕೆಲಸದ ಇಂಟರ್‌ವ್ಯೂಗೆ ತೋರಿಸಲು ಇರಬೇಕು ಅಂದುಕೊಂಡು ನಾನು ಬಟ್ಟೆ ಹಿಂಡಿದೆ.

ಮೇ ತಿಂಗಳ ಮೊದಲ ಪರೀಕ್ಷೆಯ ದಿನ ಅವಳ ಜಾಗ ಖಾಲಿ ಇತ್ತು. ಎರಡನೇ ದಿನವೂ ಖಾಲಿ. ಮೂರನೇ ದಿನ ಮಧ್ಯಾಹ್ನ ಉರಿಬಿಸಿಲಿನಲ್ಲಿ ಅವಳ ಊರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವಳು ನವೆಂಬರಿನಲ್ಲಿ ನನ್ನ ನೋಡಿ ನಕ್ಕಿದ್ದ ಎತ್ತರದ ಹೆಂಗಸು. ಅವತ್ತೂ ನಕ್ಕಳು.

"ಬನ್ನಿ ಮೇಡಂ, ಕೂತ್ಕಳಿ. ಮಗ ಇಲ್ಲ, ಮದ್ದೂರ್ ತಾವು ಗಾರ್ಮೆಂಟ್ಸ್‌ಗೆ ಓಯ್ತದೆ. ಬೆಳಿಗ್ಗೆ ಕಂಪ್ನಿ ಬಸ್ಸು ಬತ್ತದೆ." ಮಗಳನ್ನೇ ಮುದ್ದಿಗೆ ಮಗ ಅನ್ನುತ್ತಿದ್ದಳು.

ಕೊಟ್ಟಿಗೆ ಖಾಲಿ ಇತ್ತು. ಗೂಟಕ್ಕೆ ಹಗ್ಗ ಸುತ್ತಿಟ್ಟಿದ್ದರು. ನಡೆದದ್ದನ್ನು ಸಾಕಮ್ಮ ಒಲೆಯ ಮುಂದೆ ಕೂತು ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಗಂಡ ಹತ್ತು ವರ್ಷದ ಹಿಂದೆಯೇ ಹಲಗೂರಿನ ಕಡೆ ಬೇರೆ ಸಂಸಾರ ಹೂಡಿದ್ದ. ಅರವತ್ತೆರಡನೇ ನಂಬರು ಮಾತ್ರ ಅವನ ಹೆಸರಿನಲ್ಲೇ ಉಳಿದಿತ್ತು. ಎರಡು ಹಸು ಕಟ್ಟಿ ಇವಳು ಹಾಲು ಹಾಕುತ್ತಿದ್ದಳು, ಅದರಿಂದಲೇ ಮನೆ, ಅದರಿಂದಲೇ ಮಗಳ ಓದು. ಮಾರ್ಚಿನಲ್ಲಿ ಅವನು ಬಂದು ಇಲ್ಲಿನ ಮೆಂಬರ್‌ಗಿರಿಗೆ ರಾಜೀನಾಮೆ ಕೊಟ್ಟ. ಅಲ್ಲಿನ ಡೈರಿಯಲ್ಲಿ ಸೇರಬೇಕಾದರೆ ಇಲ್ಲಿ ಬಿಡಬೇಕಂತೆ.

"ಜವ್ರಪ್ಪ ಇದ್ದಿದ್ರೆ ಬುಡ್ತಿರ್ನಿಲ್ಲ," ಅಂದಳು ಸಾಕಮ್ಮ. "ನಂಬ್ರು ನಿಂದಾದ್ರೆ ಆಲೂ ನಿಂದೇನ್ಲಾ ಅಂತ ಕೇಳೋನು. ಈ ಉಡ್ಗ ಕಂಪೂಟ್ರು ನೋಡ್ದ, ಸೈನ್ ಆಕುಸ್ಕಂಡ. ಮಾರ್ನೇ ದಿವ್ಸ ಓಗಿ ಅರವತ್ತೆರಡು ಅಂದೆ. ಅಂಗೊಂದ್ ನಂಬ್ರೇ ಇಲ್ಲ ಕಣಮ್ಮ ಅಂದ. ಆಲ್ ಇಟ್ಕಂಡು ನಿಂತ್ಕಂಡಿವ್ನಿ, ನಂಬ್ರಿಲ್ಲ ಅಂತನೆ."

ಮೆಂಬರಲ್ಲದವರ ಹಾಲು ಆ ಡೈರಿ ತೆಗೆದುಕೊಳ್ಳುತ್ತಿರಲಿಲ್ಲ. ಹೊಸದಾಗಿ ಮೆಂಬರಾಗಬೇಕಾದರೆ ಹಿಂದೆ ಇಂತಿಷ್ಟು ದಿನ ಹಾಲು ಹಾಕಿದ್ದಕ್ಕೆ ದಾಖಲೆ ಬೇಕು. ಹತ್ತು ವರ್ಷ ಹಾಕಿದವಳ ಹೆಸರು ಎಲ್ಲೂ ಇರಲಿಲ್ಲ. ಇದ್ದದ್ದು ಜವರಪ್ಪನ ಪುಸ್ತಕದ ಅಂಚಿನಲ್ಲಿ, ಪುಸ್ತಕಗಳು ರದ್ದಿಗೆ ಹೋಗಿದ್ದವು.

"ಆ ಉಡ್ಗನೂ ಕೆಟ್ಟೋನಲ್ಲ ಮೇಡಂ," ಅಂದಳು. "ಜವ್ರಪ್ಪನೋರ್ ಕೈಬರದ್ದು ಒಂದ್ ಚೀಟಿ ಇದ್ರೂ ತತ್ತಾ, ಕಮಿಟಿ ಮುಂದೆ ಇಟ್ಟು ಮೆಂಬ್ರು ಮಾಡುಸ್ತೀನಿ ಅಂದ. ಎಲ್ಲಿಂದ ತರದು? ಆ ಮಗ ಒಂದಿನ ಎಲ್ಗೋ ಓಗ್ಬುಟ್ ಬಂತು, ಸಿಕ್ನಿಲ್ಲ ಕಣವ್ವ ಅಂತು. ಆಮ್ಯಾಕೆ ಅಸ ಮಾರ್ದೋ."

ಕುಡಿಯಲು ಕಾಫಿ ಕೊಟ್ಟಳು. ಲೋಟ ಕೈಗಿಡುತ್ತಾ, "ಆಲಿಲ್ಲ, ಬರೀ ಕರಿಕಾಪಿ, ಏನೂ ಅನ್ಕಬ್ಯಾಡಿ" ಅಂದಳು. ದಿನಕ್ಕೆರಡು ಹೊತ್ತು ಹಾಲು ಹೊತ್ತವಳ ಮನೆ ಅದು. ಹಾಕುವವರ ಪೆಟ್ಟಿಗೆಗೆ ಗೆರೆ ಎಳೆದವಳು ನಾನೇ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಟ್ಟ ಮೇಲೆ ಒಲೆ ಉರಿದು ಏನು ಪ್ರಯೋಜನ ಎಂದು ನನಗೆ ನಾನೇ ನೆಪ ಹೇಳಿಕೊಂಡು ಮುಚ್ಚಿದೆ. ನಿಜ ಹೇಳಬೇಕೆಂದರೆ ಹೆದರಿದೆ. ಮಗಳು ನನ್ನ ಹೆಸರು ಹೇಳಿರಲಿಲ್ಲ ಎಂಬುದು ಸಾಕಮ್ಮನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಮೇಲೆ ಮಂಜುಳಾಳನ್ನು ನೋಡಿದ್ದು ಒಂದೇ ಸಲ, ಜೂನಿನಲ್ಲಿ, ಮದ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ. ಕಂಪನಿ ಬಸ್ಸಿನ ಕಿಟಕಿಯಲ್ಲಿ ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು ಕೂತಿದ್ದಳು. ನನ್ನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತಳು, ಕ್ಲಾಸಿಗೆ ಮೇಡಂ ಬಂದ ಹಾಗೆ. ಬಸ್ಸು ಹೊರಟಿತು. ಆ ವರ್ಷದ ಕೊನೆಗೆ ಕಾಲೇಜಿನವರು ನನ್ನನ್ನು ಮತ್ತೆ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಮಂಡ್ಯದಲ್ಲಿ ಬೇರೆ ಕಡೆ ಸೇರಿದೆ. ಈಗಲೂ ಅದೇ ಪಾಠ ಮಾಡುತ್ತೇನೆ. 'ಯಾರನ್ನಾದರೂ ಬಿಟ್ಟಿದ್ದೀರಾ?' ಎಂದು ಪ್ರತಿ ಚಾರ್ಟಿಗೂ ಕೇಳುತ್ತೇನೆ. ಹುಡುಗರು ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಾರೆ, ಅಣಕಿಸಲಿ.

ಕಳೆದ ವಾರ ಪರೀಕ್ಷೆ ಮುಗಿದು ಹುಡುಗರು ಹೊರಟ ಮೇಲೆ ಆ ಗೋಡೆಯ ಹತ್ತಿರ ಹೋದೆ. ಸುರುಳಿಯಾಗಿದ್ದ ಮೂಲೆಯನ್ನು ಹಿಡಿದು ಮೆಲ್ಲಗೆ ಎತ್ತಿದೆ. ಹಳೇ ಅಂಟು, ತೇಪೆ ಪೂರಾ ಕೈಗೆ ಬಂತು. ಕೆಳಗೆ ನನ್ನ ಕೆಂಪು ಗೆರೆ ಇನ್ನೂ ಕೆಂಪಗೇ ಇತ್ತು, ಬಿಸಿಲು ಕಾಣದ್ದಕ್ಕೆ. 'ಹಾಕುವವರು' ಎಂಬ ಪೆಟ್ಟಿಗೆ. ಅದರ ಕೆಳಗಿನ ಉದಾಹರಣೆ ಮಾತ್ರ ಮಂಜುಳಾಳ ಗುಂಡಗಿನ ಅಕ್ಷರವಲ್ಲ. ಡೈರಿಯ ಪುಸ್ತಕದ ಅಂಚಿನಲ್ಲಿ ನಾನು ಕಂಡಿದ್ದ ಬಾಗಿದ, ನಡುಗುವ ಅಕ್ಷರ. ಚಾರ್ಟನ್ನು ತೋರಿಸಲು ಅವಳು ಡೈರಿಗೆ ಒಯ್ದಿದ್ದಾಗ ಮುದುಕ ಪೆನ್ನು ಇಸಿದುಕೊಂಡು ತಾನೇ ಬರೆದಿರಬೇಕು.

'ನಂಬರ್ ೬೨. ಮೆಂಬರ್ ಊರಿನಲ್ಲಿಲ್ಲ. ಹತ್ತು ವರ್ಷದಿಂದ ಹಾಲು ಹಾಕುವವರು ಸಾಕಮ್ಮ. ಒಂದು ಹೊತ್ತೂ ತಪ್ಪಿಸಿಲ್ಲ.'

ಕೆಳಗೆ ಜವರಪ್ಪನ ರುಜು. ರುಜುವಿನ ಮೇಲೆ ನೇರಳೆ ಬಣ್ಣದ ಡೈರಿಯ ಸೀಲು.

ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಂಜುಂಡಿ ಬಂದು, "ಯಾಕ್ ಮೇಡಂ, ಉಸಾರಿಲ್ವಾ?" ಅಂದ. ಏನೆಂದು ಹೇಳಲಿ? ಕಮಿಟಿಯ ಮುಂದೆ ಇಡಲು ಆ ತಾಯಿ ಮಗಳಿಗೆ ಬೇಕಾಗಿದ್ದ ಒಂದು ಚೀಟಿ ಈ ಗೋಡೆಯ ಮೇಲಿತ್ತು, ನಾನು ಹೇಳಿ ಅಂಟಿಸಿದ ಕಾಗದದ ಕೆಳಗೆ. ಅದನ್ನು ತೆಗೆದುಕೊಂಡು ಹೋಗಲೆಂದೇ ಅವಳು ಆ ಭಾನುವಾರ ಬಿಸಿಲಿನಲ್ಲಿ ಬಂದು ಬಾಗಿಲ ಮುಂದೆ ನಿಂತು ಫೋನು ಮಾಡಿದ್ದಳು. ಮೇಡಂ ಎದುರು ವಾದ ಮಾಡಬಾರದು, ಅಪ್ಪನ ವಿಷಯ ಹೊರಗೆ ಹೇಳಬಾರದು ಎಂದು ಬೆಳೆದ ಹುಡುಗಿ, ಕಾಪಿ ಇಲ್ಲ ಅಂದಳು, ಸರಿ ಅಂದಳು. ಯಾಕಮ್ಮ ಬೇಕು ಎಂದು ನಾನು ಒಂದು ಮಾತು ಕೇಳಲಿಲ್ಲ.

ಲ್ಯಾಬಿನ ಬೀಗದ ಕೈ ಅವತ್ತು ನನ್ನ ಬ್ಯಾಗಿನಲ್ಲೇ ಇತ್ತು.